ರೋಗ ಬಂದು ಹೋದ ಲಾಯ

ಕುದುರೆ ಎಂದೊಡನೆ ನಮ್ಮವರ ಕಣ್ಣೆದುರಿಗೆ ಬರುವ ಚಿತ್ರಗಳು ಮೂರು ನಾಲ್ಕು ಮಾತ್ರ. ದಸರೆಯ ಮೆರವಣಿಗೆಯ ಕುದುರೆ, ಮದುವಣಿಗನನ್ನು ಹೊತ್ತ ಕುದುರೆ, ಊರಿನ ರೈಲು ನಿಲ್ದಾಣದ ಹೊರಗೆ ಒಂದು ಕಾಲದಲ್ಲಿ ತೂಕಡಿಸುತ್ತ ನಿಂತಿರುತ್ತಿದ್ದ ಜಟಕಾ ಕುದುರೆ. ಮುಂಬಯಿಯಲ್ಲಿರುವವರಿಗೆ ಇವುಗಳ ಜೊತೆಗೆ ಮಹಾಲಕ್ಷ್ಮಿಯ ಪಂದ್ಯದ ಕುದುರೆ. ಇವುಗಳಲ್ಲಿ ಒಂದಾದರೂ ನಮ್ಮ ಸ್ವಂತದ್ದಲ್ಲ. ಕಚೇರಿಯ ಗುಮಾಸ್ತನೊಬ್ಬನು ಕುದುರೆಯನ್ನು ಸಾಕಿಕೊಂಡಿದ್ದಾನೆಂದು ಯಾರಾದರೂ ಹೇಳಿದರೆ, ಒಂದೋ ಅವನಿಗೆ ಲಾಟರಿ ಹೊಡೆದಿರಬೇಕು, ಇಲ್ಲವೆ ತಲೆ ಕೆಟ್ಟಿರಬೇಕು ಎಂದೇ ನಾವು ಭಾವಿಸುವೆವು.

ಇಂಗ್ಲೆಂಡಿನಲ್ಲಿ ಹಾಗಲ್ಲ. ಕುದುರೆ ಅಲ್ಲಿಯೂ ದುಬಾರಿಯೇ ಸರಿ. ಆದರೆ ಆಸ್ಪತ್ರೆಯ ದಾದಿ, ಶಾಲೆಯ ಉಪಾಧ್ಯಾಯಿನಿ, ಅಂಗಡಿಯಲ್ಲಿ ಲೆಕ್ಕ ಬರೆಯುವವರು, ಲಾರಿ ನಡೆಸುವವರು, ಇಂಥವರೂ ಹೊಟ್ಟೆ ಬಟ್ಟೆ ಕಟ್ಟಿ ಒಂದು ಕುದುರೆಯನ್ನು ಸಾಕುವುದುಂಟು. ಅವರಿಗೆ ಸ್ವಂತ ಲಾಯವಿಲ್ಲ, ಹುಲ್ಲುಗಾವಲಿಲ್ಲ. ಆದುದರಿಂದ ಊರ ಹೊರಗಿನ ಬಾಡಿಗೆ ಲಾಯವೊಂದರಲ್ಲಿ ಕುದುರೆಯನ್ನು ಇಡುತ್ತಾರೆ. ಇದಕ್ಕೆ ಅಲ್ಲಿ 'ಲಿವರಿ ಯಾರ್ಡ್' ಎಂದು ಹೆಸರು. ನಮ್ಮ ವಾಚಕರಿಗೆ ತಿಳಿಯುವಂತೆ ಹೇಳುವುದಾದರೆ ಅದು ಕುದುರೆಗಳ ಬೋರ್ಡಿಂಗ್ ಲಾಜಿಂಗ್. ಊಟ, ವಸತಿ, ಮಾಲೀಸು, ವ್ಯಾಯಾಮ ಎಲ್ಲವನ್ನೂ ಲಾಯದವರೇ ನೋಡಿಕೊಂಡರೆ ಅದು ಪೂರ್ಣ ಲಿವರಿ. ಕೆಲವನ್ನು ಅವರು, ಕೆಲವನ್ನು ಕುದುರೆಯ ಒಡೆಯರು ಮಾಡಿದರೆ ಅದು ಅರೆ ಲಿವರಿ. ಬರಿಯ ಕೊಟ್ಟಿಗೆಯನ್ನೂ ಹುಲ್ಲುಗಾವಲನ್ನೂ ಬಾಡಿಗೆಗೆ ಪಡೆದು, ಬೆಳಗಿನ ಜಾವ ಎದ್ದು ಹೋಗಿ ಲದ್ದಿ ಬಾಚಿ, ಹುಲ್ಲು ನೀರು ಇಟ್ಟು, ಅನಂತರ ಕೆಲಸಕ್ಕೆ ಓಡಿ, ಸಂಜೆ ಮತ್ತೆ ಬಂದು ಅದೇ ಚಾಕರಿಯನ್ನು ಮಾಡುವುದು ಮೂರನೆಯ ಬಗೆ. ಒಂದು ಕೋಣೆಯಲ್ಲಿ ಹತ್ತು ಜನ ಸೇರಿ ಸರದಿಯಂತೆ ಅಡಿಗೆ ಮಾಡಿಕೊಂಡು ದಿನ ಕಳೆದವರಿಗೆ ಈ ಮೂರನೆಯ ಬಗೆಯ ಸುಖದುಃಖಗಳನ್ನು ವಿವರಿಸಬೇಕಾಗಿಲ್ಲ. ಕೈಯಲ್ಲಿ ಹಣ ಕಡಿಮೆಯಿರುವವರು ಆರಿಸಿಕೊಳ್ಳುವುದು ಇದನ್ನೇ.

ಹೀಗೆ ಒಂದೊಂದು ಲಾಯದಲ್ಲಿ ಹತ್ತು, ಇಪ್ಪತ್ತು, ಕೆಲವೆಡೆ ಇನ್ನೂ ಹೆಚ್ಚು ಕುದುರೆಗಳು. ಹೆಚ್ಚುಕಡಿಮೆ ಅಷ್ಟೇ ಜನ ಒಡೆಯರು. ನೀರಿನ ತೊಟ್ಟಿ ಒಂದೇ. ಬೇಲಿಯ ಮೇಲಿಂದ ಮೂಗಿಗೆ ಮೂಗು ತಾಗಿಸಿ ಕುಶಲ ವಿಚಾರಿಸುವುದು ಕುದುರೆಗಳ ಜಾತಿಗುಣ. ಒಬ್ಬರ ಬಕೀಟನ್ನು ಇನ್ನೊಬ್ಬರು ಎತ್ತಿಕೊಂಡು ಹೋಗುವುದು ಮನುಷ್ಯರ ಜಾತಿಗುಣ. ಒಂದು ಕುದುರೆಗೆ ಅಂಟಿದ್ದು ಉಳಿದವುಗಳಿಗೆ ಅಂಟಲು ಇಷ್ಟು ಸಾಕು.

ಈಗ ಒಬ್ಬ ದಾದಿಯನ್ನು ಊಹಿಸಿಕೊಳ್ಳೋಣ. ಆಕೆಯ ಕುದುರೆಯಿದ್ದ ಲಾಯದ ಜಮೀನು ಮಾರಾಟವಾಗಿದೆ. ತಿಂಗಳೊಳಗೆ ಬೇರೆ ಜಾಗ ನೋಡಬೇಕು. ಎರಡು ಸಿಕ್ಕಿವೆ. ಮೊದಲನೆಯದು ಆಸ್ಪತ್ರೆಗೆ ಹತ್ತಿರ, ಬಾಡಿಗೆ ಕೈಗೆಟುಕುವಂಥದು, ಹುಲ್ಲುಗಾವಲು ವಿಶಾಲ. ಆದರೆ ಕಳೆದ ವರ್ಷ ಅಲ್ಲಿ 'ಸ್ಟ್ರ್ಯಾಂಗಲ್ಸ್' ಎಂಬ ಅಂಟುರೋಗ ಬಂದು ಐದಾರು ಕುದುರೆಗಳು ಮಲಗಿದ್ದವೆಂದು ಲಾಯದೊಡತಿ ತಾನಾಗಿಯೇ ಹೇಳಿದ್ದಾಳೆ. ಎರಡನೆಯದು ದೂರ, ಬಾಡಿಗೆಯೂ ಹೆಚ್ಚು. ಅಲ್ಲಿಯ ಯಜಮಾನ ಮಾತ್ರ, "ನಮ್ಮಲ್ಲಿ ಇಂದಿನವರೆಗೆ ಯಾವ ರೋಗವೂ ಬಂದಿಲ್ಲ" ಎಂದು ಎದೆ ತಟ್ಟಿ ಹೇಳುತ್ತಾನೆ. ಗೆಳತಿಯರೆಲ್ಲರೂ ಎರಡನೆಯದಕ್ಕೇ ಹೋಗೆನ್ನುತ್ತಾರೆ. ಆಕೆ ಎಲ್ಲಿಗೆ ಹೋಗಬೇಕು?

ಹೋಟೆಲಿನಲ್ಲಿ ದುಡಿಯುವವರಿಗೆ ಈ ಪ್ರಶ್ನೆ ಹೊಸತಲ್ಲ. "ಅಲ್ಲಿ ಊಟ ಮಾಡಿದವರಿಗೆ ವಾಂತಿಭೇದಿಯಾಯಿತಂತೆ" ಎಂಬ ಒಂದು ಮಾತು ಬೀದಿಗೆ ಬಿದ್ದರೆ ಸಾಕು. ಅಡಿಗೆಮನೆಯನ್ನು ತೊಳೆದು, ನೀರನ್ನು ಪರೀಕ್ಷೆ ಮಾಡಿಸಿ, ಮಾಲೀಕನು ಎಷ್ಟು ಶುಚಿಯಾದರೂ ಗಿರಾಕಿ ಎದುರಿನ ಹೋಟೆಲಿಗೇ ಹೋಗುತ್ತಾನೆ. ಎದುರಿನ ಹೋಟೆಲಿನ ಅಡಿಗೆಮನೆಯನ್ನು ಅವನು ಕಂಡಿಲ್ಲ. ಕಾಣಬೇಕೆಂದು ಅವನಿಗೆ ಅನ್ನಿಸುವುದೂ ಇಲ್ಲ.

ರೋಗದ ವಿಷಯವನ್ನು ಮೊದಲು ತಿಳಿಯೋಣ. ಸ್ಟ್ರ್ಯಾಂಗಲ್ಸ್ ಎಂದರೆ ಕತ್ತು ಹಿಸುಕುವುದು ಎಂದರ್ಥ. ನಾವು ಇಲ್ಲಿ ಅದನ್ನು ಗಂಟಲುಬಾವು ಎಂದು ಕರೆಯುವೆವು. ಇದು ಬಹಳ ಹಳೆಯ ಪೀಡೆ. ಚಕ್ರವರ್ತಿ ಎರಡನೆಯ ಫ್ರೆಡರಿಕ್‌ನ ಅಶ್ವವೈದ್ಯನಾಗಿದ್ದ ಜೋರ್ಡಾನಸ್ ರೂಫಸ್ ಎಂಬಾತನು ಸುಮಾರು 1250ರ ವೇಳೆಗೇ ಇದನ್ನು ವರ್ಣಿಸಿದ್ದನು. ರೋಗಕ್ಕೆ ಕಾರಣವಾದ ಸ್ಟ್ರೆಪ್ಟೊಕಾಕಸ್ ಎಕ್ವಿ ಎಂಬ ಸೂಕ್ಷ್ಮಾಣು 1888ರಲ್ಲಿ ಪತ್ತೆಯಾಯಿತು. ಸೋಂಕು ತಗಲಿದ ಮೂರು ದಿನಗಳಿಂದ ಎರಡು ವಾರಗಳೊಳಗೆ ಕುದುರೆಗೆ ಜ್ವರ ಬರುತ್ತದೆ, ಮೇವು ಸೇರದು, ಮೂಗಿನಿಂದ ನೀರು, ಅನಂತರ ಹಳದಿ ಕೀವು ಸುರಿಯುತ್ತದೆ. ದವಡೆಯ ಕೆಳಗಿನ ಮತ್ತು ಗಂಟಲಿನ ಹಿಂದಿನ ದುಗ್ಧಗ್ರಂಥಿಗಳು ಬಾತು ಕುರುವಾಗುತ್ತವೆ. ಕುದುರೆ ನಮ್ಮಂತೆ ಬಾಯಿಯಿಂದ ಉಸಿರಾಡಲಾರದು. ಮೂಗೊಂದೇ ಅದಕ್ಕೆ ದಾರಿ. ಗಂಟಲಿನ ಬಾವು ಆ ದಾರಿಯನ್ನು ಒತ್ತಿದಾಗ ಪ್ರಾಣಿ ಕತ್ತು ಚಾಚಿ ಗೊರಗೊರ ಸದ್ದು ಮಾಡುತ್ತ ನಿಲ್ಲುವುದನ್ನು ಕಂಡವರಿಗೆ ಹೆಸರಿನ ಅರ್ಥವನ್ನು ಬೇರೆ ಹೇಳಬೇಕಾಗಿಲ್ಲ. ಕುರು ಒಡೆದು ಕೀವು ಹರಿದ ಮೇಲೆ ಹೆಚ್ಚಿನವು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ. ಕೆಲವಕ್ಕೆ ಮಾತ್ರ ಕುರು ಹೊಟ್ಟೆಯೊಳಗೋ ಎದೆಯೊಳಗೋ ಎದ್ದು, ಇಲ್ಲವೆ ರಕ್ತನಾಳಗಳು ಉರಿದು ಮೈಯೆಲ್ಲ ಬಾತು, ಪ್ರಾಣಕ್ಕೇ ಬರುವುದುಂಟು.

ಸಾವು ವಿರಳವೆಂಬುದು ಸಮಾಧಾನದ ಸಂಗತಿ. ಆದರೂ ಒಡೆಯರ ಕಷ್ಟ ಸಣ್ಣದಲ್ಲ. ಲಾಯಕ್ಕೆ ಲಾಯವೇ ತಿಂಗಳುಗಟ್ಟಲೆ ಬಾಗಿಲು ಹಾಕಬೇಕಾಗುತ್ತದೆ. ಕುದುರೆ ಹೊರಗೆ ಹೋಗುವಂತಿಲ್ಲ, ಒಳಗೆ ಬರುವಂತಿಲ್ಲ. ಪಶುವೈದ್ಯರ ಬಿಲ್ಲು ಏರುತ್ತ ಹೋಗುತ್ತದೆ. ಲಾಳ ಹೊಡೆಯುವವನೂ ಬರಲು ಹಿಂದೆಗೆಯುತ್ತಾನೆ.

ಈಗ ದಾದಿಯ ಗೆಳತಿಯರ ಭಯವನ್ನು ನೋಡೋಣ. "ರೋಗ ಬಂದ ಜಾಗ" ಎನ್ನುತ್ತಾರೆ ಅವರು. ರೋಗವು ಗೋಡೆಯಲ್ಲಿ, ನೆಲದಲ್ಲಿ, ಮರದ ಬಾಗಿಲಿನಲ್ಲಿ ಕುಳಿತು ಕಾಯುತ್ತದೆ ಎಂಬ ನಂಬಿಕೆ ಎಲ್ಲ ದೇಶಗಳಲ್ಲಿಯೂ ಉಂಟು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಅಧಿಕಾರಿಗಳು ಮನೆಗಳಿಗೆ ಸುಣ್ಣ ಬಳಿಸಿದರು, ವಾಸಕ್ಕೆ ಯೋಗ್ಯವಲ್ಲವೆಂದು ಗೋಡೆಗಳ ಮೇಲೆ ಗುರುತು ಬರೆಸಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಮೈಸೂರು ಸೀಮೆಗೂ ಆ ಮಾರಿ ಬಂದಿತು. ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡುದನ್ನು ನಮ್ಮ ಹಿರಿಯರು ಹೇಳುತ್ತಿದ್ದುದುಂಟು. ಮಾರಿಯು ಗೋಡೆಯಲ್ಲಿರಲಿಲ್ಲ, ಇಲಿಯ ಮೈಮೇಲಿನ ಚಿಗಟದಲ್ಲಿ ಇತ್ತೆಂಬುದು ಆಮೇಲೆ ತಿಳಿದು ಬಂದಿತು.

ಗಂಟಲುಬಾವಿನ ಸೂಕ್ಷ್ಮಾಣುವೂ ಅಷ್ಟೆ. ಬಿಸಿಲಿನಲ್ಲಿ, ಒಣಗಿದ ಹಲಗೆಯ ಮೇಲೆ ಅದು ಕೆಲವೇ ದಿನಗಳಲ್ಲಿ ಸಾಯುತ್ತದೆ. ತೇವದಲ್ಲಿ, ಚಳಿಯಲ್ಲಿ, ತೊಟ್ಟಿಯ ನೀರಿನಲ್ಲಿ ಕೆಲವು ವಾರ ಬದುಕಬಲ್ಲದು. ಆದುದರಿಂದ ರೋಗ ಬಂದ ಲಾಯದಲ್ಲಿ ತೊಟ್ಟಿಯನ್ನು ಖಾಲಿ ಮಾಡಿ ಉಜ್ಜುವುದು, ಕೊಟ್ಟಿಗೆಯನ್ನು ತೊಳೆದು ಔಷಧ ಹಾಕುವುದು, ಗಾವಲನ್ನು ಕೆಲಕಾಲ ಖಾಲಿ ಬಿಡುವುದು ಇವೆಲ್ಲ ಅಗತ್ಯ. ಆದರೆ ಒಂದು ವರ್ಷದ ಮೇಲೆ ಆ ಗೋಡೆಯಿಂದಾಗಲಿ ಆ ಹುಲ್ಲಿನಿಂದಾಗಲಿ ಯಾವ ಅಪಾಯವೂ ಇಲ್ಲ. ಹಾಗಾದರೆ ಒಮ್ಮೆ ರೋಗ ಬಂದ ಲಾಯದಲ್ಲಿ ಕೆಲವೊಮ್ಮೆ ವರ್ಷ ಬಿಟ್ಟು ಅದು ಮತ್ತೆ ತಲೆಯೆತ್ತುವುದೇಕೆ?

ಇದಕ್ಕೆ ಉತ್ತರ ಕುದುರೆಯ ತಲೆಯೊಳಗಿದೆ. ಕುದುರೆಯ ಗಂಟಲಿನ ಹಿಂದೆ, ಕಿವಿಯಿಂದ ಗಂಟಲಿಗೆ ಬರುವ ನಾಳಕ್ಕೆ ಸೇರಿದಂತೆ, ಗಾಳಿ ತುಂಬಿದ ಎರಡು ಚೀಲಗಳಿವೆ. ಒಂದೊಂದರಲ್ಲಿ ಸುಮಾರು ಅರ್ಧ ಸೇರು ನೀರು ಹಿಡಿದೀತು. ಮನುಷ್ಯನಿಗೆ ಇಂಥ ಚೀಲವಿಲ್ಲ. ರೋಗದ ಕಾಲದಲ್ಲಿ ಪಕ್ಕದ ಗ್ರಂಥಿ ಒಡೆದು ಕೀವು ಈ ಚೀಲದೊಳಗೆ ಸುರಿಯುತ್ತದೆ. ಹೆಚ್ಚಿನ ಕುದುರೆಗಳಲ್ಲಿ ಅದು ಮೂಗಿನ ಮೂಲಕ ತಾನಾಗಿ ಬಸಿದು ಹೋಗುತ್ತದೆ. ವಾಸಿಯಾದ ಹತ್ತು ಕುದುರೆಗಳಲ್ಲಿ ಒಂದರಲ್ಲಿ ಮಾತ್ರ ಸ್ವಲ್ಪ ಉಳಿದು, ಗಟ್ಟಿಯಾಗಿ, ಸಣ್ಣ ಕಲ್ಲುಗಳಂಥ ಉಂಡೆಗಳಾಗಿ ಕುಳಿತುಕೊಳ್ಳಬಹುದು. ಆ ಉಂಡೆಗಳಲ್ಲಿ ಸೂಕ್ಷ್ಮಾಣು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಜೀವಂತವಾಗಿರುತ್ತದೆ. ಕುದುರೆಗೆ ಜ್ವರವಿಲ್ಲ, ಕೆಮ್ಮಿಲ್ಲ. ಮೈ ಮಿರುಗುತ್ತದೆ, ಚೆನ್ನಾಗಿ ಮೇಯುತ್ತದೆ, ಸವಾರಿಗೂ ಸಿದ್ಧ. ಆದರೆ ಆಗಾಗ ಮೂಗಿನಿಂದ ಸೂಕ್ಷ್ಮಾಣುಗಳನ್ನು ಹೊರಹಾಕುತ್ತಿರುತ್ತದೆ. ಹೊಸದಾಗಿ ಬಂದ, ಹಿಂದೆ ಈ ರೋಗವನ್ನು ಕಾಣದ ಕುದುರೆಯೊಂದು ಆ ತೊಟ್ಟಿಯಲ್ಲಿ ನೀರು ಕುಡಿಯಿತೆಂದರೆ ಮತ್ತೆ ಮೊದಲಿನಿಂದ ಆರಂಭ.

ಇದನ್ನು ಓದುವಾಗ ಅಡಿಗೆಯ ವೃತ್ತಿಯವರಿಗೆ ಒಬ್ಬಳ ನೆನಪು ಬರಬೇಕು. ನ್ಯೂಯಾರ್ಕಿನ ಧನಿಕರ ಮನೆಗಳಲ್ಲಿ ಅಡಿಗೆ ಮಾಡುತ್ತಿದ್ದ ಮೇರಿ ಮ್ಯಾಲನ್ ಎಂಬ ಐರಿಷ್ ಹೆಂಗಸಿನ ನೆನಪು. 1906ರ ಬೇಸಗೆಯಲ್ಲಿ ಲಾಂಗ್ ಐಲೆಂಡಿನ ಒಂದು ಮನೆಯಲ್ಲಿದ್ದ ಹನ್ನೊಂದು ಜನರಲ್ಲಿ ಆರು ಜನರಿಗೆ ಟೈಫಾಯಿಡ್ ಜ್ವರ ಹಿಡಿಯಿತು. ಬಾವಿ, ಹಾಲು, ಮೀನು, ಎಲ್ಲವನ್ನೂ ಪರೀಕ್ಷಿಸಿದ್ದಾಯಿತು. ಕೊನೆಗೆ ಜಾರ್ಜ್ ಸೋಪರ್ ಎಂಬ ಆರೋಗ್ಯ ಎಂಜಿನಿಯರನು ಆ ಮನೆಯ ಅಡಿಗೆಯವಳು ಹಿಂದೆ ಎಲ್ಲೆಲ್ಲಿ ಕೆಲಸಕ್ಕಿದ್ದಳೆಂದು ವಿಚಾರಿಸುತ್ತ ಹೋದನು. ಮನೆಯಿಂದ ಮನೆಗೆ ಜ್ವರವು ಅವಳ ಹಿಂದೆಯೇ ನಡೆದಿತ್ತು. ಮೇರಿಗೆ ಮಾತ್ರ ಏನೂ ಆಗಿರಲಿಲ್ಲ. ಗಟ್ಟಿಮುಟ್ಟಾದ ಹೆಂಗಸು, ಕೈ ರುಚಿಯಾದುದು. ಹಣ್ಣಿನ ಐಸ್‌ಕ್ರೀಮ್ ಮಾಡುವುದರಲ್ಲಿ ಎತ್ತಿದ ಕೈ. ತನ್ನಲ್ಲಿ ರೋಗವಿದೆಯೆಂಬುದನ್ನು ಅವಳು ಕೊನೆಯವರೆಗೂ ಒಪ್ಪಲಿಲ್ಲ. 1907ರಿಂದ ಮೂರು ವರ್ಷ ಅವಳನ್ನು ಒಂದು ದ್ವೀಪದ ಆಸ್ಪತ್ರೆಯಲ್ಲಿ ಇಟ್ಟರು. ಇನ್ನು ಅಡಿಗೆ ಮಾಡುವುದಿಲ್ಲವೆಂದು ಮಾತು ಕೊಟ್ಟ ಮೇಲೆ ಬಿಟ್ಟರು. ಬಟ್ಟೆ ಒಗೆಯುವ ಕೆಲಸದಲ್ಲಿ ಅಡಿಗೆಯ ಕೆಲಸದಷ್ಟು ಸಂಬಳವಿಲ್ಲ. ಅವಳು ಹೆಸರು ಬದಲಾಯಿಸಿಕೊಂಡು ಹೆರಿಗೆ ಆಸ್ಪತ್ರೆಯೊಂದರ ಅಡಿಗೆಮನೆಗೆ ಸೇರಿದಳು. 1915ರಲ್ಲಿ ಅಲ್ಲಿ ಇಪ್ಪತ್ತೈದು ಜನರಿಗೆ ಜ್ವರ ಬಂದು ಇಬ್ಬರು ತೀರಿಕೊಂಡರು. ಮತ್ತೆ ದ್ವೀಪಕ್ಕೆ ಹೋದವಳು 1938ರಲ್ಲಿ ಅಲ್ಲಿಯೇ ಸತ್ತಳು. ಅವಳನ್ನು ರಾಕ್ಷಸಿಯೆಂದು ಚಿತ್ರಿಸಿದ ಪತ್ರಿಕೆಗಳು ಬಹಳ. ಕೈಕೆಲಸವೊಂದನ್ನೇ ನಂಬಿ ಬದುಕುವವರಿಗೆ ಆ ಕೆಲಸವನ್ನು ಬಿಡೆಂದು ಹೇಳಿ, ಬದಲಿಗೆ ಹೊಟ್ಟೆ ತುಂಬುವ ದಾರಿಯನ್ನು ತೋರಿಸದಿದ್ದರೆ ಏನಾಗುತ್ತದೆಂಬುದನ್ನು ಬರೆದವರು ಕಡಿಮೆ.

ಲಾಯದಲ್ಲಿರುವ ವಾಹಕ ಕುದುರೆಯೂ ಇಂಥ ಮೇರಿಯೇ. ಆದರೆ ಒಂದು ಭೇದವಿದೆ. ಕುದುರೆಯ ಗಂಟಲ ಚೀಲದೊಳಗೆ ಇಂದು ಕಣ್ಣು ಹಾಯಿಸಬಹುದು. ಅದನ್ನು ಶುದ್ಧ ಮಾಡಲೂಬಹುದು. ಪಶುವೈದ್ಯನು ಎಂಡೋಸ್ಕೋಪ್ ಎಂಬ ತೆಳುವಾದ ಬಳುಕುವ ನಳಿಗೆಯನ್ನು ಮೂಗಿನ ಮೂಲಕ ಇಳಿಸಿ, ಎರಡೂ ಚೀಲಗಳನ್ನು ನೋಡಿ, ಉಪ್ಪುನೀರಿನಿಂದ ಜಾಲಾಡಿ, ಆ ನೀರನ್ನು ಪಿ.ಸಿ.ಆರ್. ಪರೀಕ್ಷೆಗೆ ಕಳಿಸುತ್ತಾನೆ. ಉಂಡೆಗಳಿದ್ದರೆ ಸಣ್ಣ ಬಲೆಯಂಥ ಸಾಧನದಿಂದ ಹೊರತೆಗೆದು, ಪೆನಿಸಿಲಿನ್ ಸೇರಿಸಿದ ಅಂಟನ್ನು ಒಳಗೆ ಬಿಡುತ್ತಾನೆ. ಆಮೇಲೆ ಮತ್ತೆ ಪರೀಕ್ಷೆ. ಇಷ್ಟಾದ ಮೇಲೆ ಆ ಕುದುರೆ ಯಾರಿಗೂ ಅಪಾಯಕಾರಿಯಲ್ಲ. ಅದನ್ನು ಯಾವ ದ್ವೀಪಕ್ಕೂ ಕಳಿಸಬೇಕಾಗಿಲ್ಲ.

ಆದುದರಿಂದ ದಾದಿಯು ಮೊದಲನೆಯ ಲಾಯದೊಡತಿಯನ್ನು ಕೇಳಬೇಕಾದುದು "ರೋಗ ಬಂದಿತ್ತೆ?" ಎಂದಲ್ಲ, ಅದನ್ನು ಆಕೆ ಹೇಳಿಯಾಗಿದೆ. "ರೋಗ ಹೋಯಿತೆಂದು ನಿಮಗೆ ಹೇಗೆ ಗೊತ್ತಾಯಿತು?" ಎಂದು ಕೇಳಬೇಕು. ನಮ್ಮ ಅಭಿಪ್ರಾಯದಲ್ಲಿ ಎಲ್ಲವೂ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ.

"ಎಲ್ಲ ಕುದುರೆಗಳೂ ಗುಣವಾದವು, ಕೆಮ್ಮು ನಿಂತಿತು, ಆಮೇಲೆ ಏನೂ ಆಗಿಲ್ಲ" ಎಂಬುದು ಉತ್ತರವಾದರೆ ಅದು ಸಾಲದು. ಮೇರಿಯೂ ಗುಣವಾಗಿಯೇ ಇದ್ದಳು. "ಕೊನೆಯ ಕುದುರೆ ಚೇತರಿಸಿಕೊಂಡ ಮೂರು ನಾಲ್ಕು ವಾರಗಳ ಮೇಲೆ ಡಾಕ್ಟರು ಬಂದು, ಕಾಯಿಲೆ ಬಿದ್ದವುಗಳನ್ನೂ ಅವುಗಳ ಸಂಗಡ ಇದ್ದವುಗಳನ್ನೂ ಚೀಲ ಜಾಲಾಡಿ ನೋಡಿದರು, ಒಂದರಲ್ಲಿ ಸಿಕ್ಕಿತು, ಚಿಕಿತ್ಸೆ ಮಾಡಿದರು, ಮತ್ತೆ ನೋಡಿದರು, ಇಗೋ ಕಾಗದಗಳು" ಎಂದು ಆಕೆ ಹೇಳಿದರೆ ಆ ಮಾತಿಗೆ ತೂಕವಿದೆ. ಒಂದರಲ್ಲಿ ಸಿಕ್ಕಿತೆಂದು ಹೇಳಿದುದಕ್ಕೆ ಹೆದರಬೇಕಾಗಿಲ್ಲ. ಹುಡುಕಿದವರಿಗೆ ತಾನೆ ಸಿಗುವುದು? ಎಂಡೋಸ್ಕೋಪ್ ಪರೀಕ್ಷೆಗೆ ಹಣ ಹೆಚ್ಚು. ಅದಕ್ಕೆ ಬದಲಾಗಿ ವಾರಕ್ಕೊಮ್ಮೆಯಂತೆ ಮೂರು ಬಾರಿ ಮೂಗಿನ ಆಳದಿಂದ ದ್ರವ ತೆಗೆದು ಪರೀಕ್ಷಿಸುವ ಕ್ರಮವೂ ಇದೆ. ವಾಹಕವು ದಿನವೂ ಸೂಕ್ಷ್ಮಾಣುವನ್ನು ಹೊರಹಾಕುವುದಿಲ್ಲವಾದುದರಿಂದ ಮೂರು ಬಾರಿ ನೋಡುವುದು. ಆದರೂ ಕೆಲವು ತಪ್ಪಿಸಿಕೊಳ್ಳುತ್ತವೆ.

ಇನ್ನೊಂದು ರಕ್ತಪರೀಕ್ಷೆ. ನ್ಯೂಮಾರ್ಕೆಟ್ಟಿನಲ್ಲಿದ್ದ ಆನಿಮಲ್ ಹೆಲ್ತ್ ಟ್ರಸ್ಟ್ ಎಂಬ ಸಂಶೋಧನ ಸಂಸ್ಥೆಯವರು ರೂಪಿಸಿದ ಇದು 2008ರಿಂದ ಬಳಕೆಯಲ್ಲಿದೆ. ಆ ಸಂಸ್ಥೆ ಹಣವಿಲ್ಲದೆ 2020ರಲ್ಲಿ ಮುಚ್ಚಿಹೋದುದು ಕುದುರೆಗಳ ಲೋಕಕ್ಕೆ ದೊಡ್ಡ ನಷ್ಟ. ಪರೀಕ್ಷೆ ಮಾತ್ರ ಉಳಿದು ಬಂದಿದೆ. ಇದನ್ನು ಕುರಿತು ಜನರಲ್ಲಿ ಒಂದು ಗೊಂದಲವಿದೆ. ರಕ್ತದಲ್ಲಿ ಗುರುತು ಕಂಡಿತೆಂದರೆ ಕುದುರೆಗೆ ರೋಗವಿದೆ ಎಂದರ್ಥವಲ್ಲ. ಇತ್ತೀಚಿನ ತಿಂಗಳುಗಳಲ್ಲಿ ಆ ಸೂಕ್ಷ್ಮಾಣುವಿನ ಸಂಪರ್ಕವಾಗಿದೆ ಎಂದು ಮಾತ್ರ ಅರ್ಥ. ಅಂಥ ಕುದುರೆಯ ಚೀಲವನ್ನು ನೋಡಬೇಕು. ಮತ್ತೆ, ಸೋಂಕು ತಗಲಿ ಎರಡು ವಾರ ಕಳೆಯುವವರೆಗೆ ರಕ್ತದಲ್ಲಿ ಗುರುತು ಮೂಡದು. ಆದುದರಿಂದ ನಿನ್ನೆ ತಗಲಿದ ಸೋಂಕು ಇಂದಿನ ರಕ್ತದಲ್ಲಿ ಕಾಣುವುದಿಲ್ಲ.

ಎರಡನೆಯ ಲಾಯದ ಯಜಮಾನನ ಮಾತಿಗೆ ಬರೋಣ. "ನಮ್ಮಲ್ಲಿ ಎಂದೂ ರೋಗ ಬಂದಿಲ್ಲ" ಎಂಬುದು ನಿಜವಿರಬಹುದು. ನಿಜವಾದರೂ ಅದೇ ಒಂದು ಕೊರತೆ: ರೋಗವನ್ನೇ ಕಾಣದ ಕುದುರೆಗಳಿಗೆ ಅದನ್ನು ತಡೆಯುವ ಶಕ್ತಿ ಇರುವುದಿಲ್ಲ. ರೋಗ ಬಂದು ವಾಸಿಯಾದ ನಾಲ್ಕು ಕುದುರೆಗಳಲ್ಲಿ ಮೂರಕ್ಕೆ ಕೆಲವು ವರ್ಷಗಳ ಕಾಲ ರಕ್ಷಣೆ ದೊರೆಯುತ್ತದೆ ಎನ್ನುತ್ತಾರೆ ವೈದ್ಯರು. ಅಥವಾ, ರೋಗ ಬಂದುದು ಆ ಯಜಮಾನನಿಗೆ ತಿಳಿಯದೆ ಹೋಗಿರಬಹುದು. ವಯಸ್ಸಾದ, ಹಿಂದೊಮ್ಮೆ ಸೋಂಕು ಕಂಡ ಕುದುರೆಗಳಲ್ಲಿ ಕುರು ಏಳದೆ, ಎರಡು ದಿನದ ಸಣ್ಣ ಜ್ವರ, ಸ್ವಲ್ಪ ಸಿಂಬಳ, ಇಷ್ಟರಲ್ಲೇ ಅದು ಮುಗಿಯುವುದುಂಟು. ನೆಗಡಿಯೆಂದು ಯಾರೂ ಲಕ್ಷಿಸುವುದಿಲ್ಲ. ಅಥವಾ, ಮೂರನೆಯದಾಗಿ, ಆತನು ಮುಚ್ಚಿಡುತ್ತಿರಬಹುದು.

ಮುಚ್ಚಿಡುವುದೇಕೆಂದು ಕೇಳಬೇಕೆ? ಇಪ್ಪತ್ತು ಕೊಟ್ಟಿಗೆಗಳ ಬಾಡಿಗೆಯಿಂದ ಜೀವನ ನಡೆಸುವವನಿಗೆ ಹತ್ತು ಖಾಲಿಯಾದರೆ ಸಾಲದ ಕಂತು ನಿಲ್ಲುತ್ತದೆ. ಬ್ರಿಟನ್ನಿನ ಕಾಯಿದೆಯಲ್ಲಿ ಗಂಟಲುಬಾವು ಸರಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿಲ್ಲ. ಅಧಿಕಾರಿ ಬಂದು ಬಾಗಿಲಿಗೆ ಮೊಹರು ಹಾಕುವುದಿಲ್ಲ. ಹೇಳುವುದೂ ಬಿಡುವುದೂ ಲಾಯದವರ ಇಷ್ಟ. ಹೇಳಿದವನ ಹೆಸರು ಸುತ್ತಲಿನ ಹತ್ತು ಹಳ್ಳಿಗಳಲ್ಲಿ ಕೆಡುತ್ತದೆ. ಹೇಳದವನ ಕುದುರೆಗಳು ಭಾನುವಾರದ ಪಂದ್ಯಗಳಿಗೆ ಹೋಗಿ ಬರುತ್ತವೆ, ಮಾರಾಟವಾಗುತ್ತವೆ, ಹಡಗು ಹತ್ತಿ ಬೇರೆ ದೇಶಕ್ಕೂ ಹೋಗುತ್ತವೆ. 19 ದೇಶಗಳಿಂದ ಸಂಗ್ರಹಿಸಿದ 670 ಮಾದರಿಗಳ ವಂಶವಾಹಿಗಳನ್ನು ಹೋಲಿಸಿ 2021ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನವು, ಒಂದೇ ತಳಿಯ ಸೂಕ್ಷ್ಮಾಣು ಗಡಿಗಳನ್ನು ದಾಟಿ ಹೇಗೆ ಸಂಚರಿಸುತ್ತಿದೆಯೆಂಬುದನ್ನು ತೋರಿಸಿಕೊಟ್ಟಿತು.

ನಮ್ಮ ದೇಶದ ಸ್ಥಿತಿ ಇದಕ್ಕೆ ವಿರುದ್ಧವಾದುದು. ಹೋಲಿಸಿ ನೋಡುವುದು ಅಪ್ರಸ್ತುತವಾಗಲಾರದು. ಮಾಥೇರಾನಿನಲ್ಲಿ, ಪಂಚಗಣಿಯಲ್ಲಿ ರಜೆಯ ದಿನ ಕುದುರೆ ಹತ್ತಿದವರು ನಮ್ಮ ವಾಚಕರಲ್ಲಿ ಅನೇಕರಿದ್ದಾರೆ. ಕುದುರೆಗಳಿಗೆ ಬರುವ ಗ್ಲ್ಯಾಂಡರ್ಸ್ ಎಂಬ ಇನ್ನೊಂದು ರೋಗ ಬಹುಕಾಲದ ಮೇಲೆ 2006ರಲ್ಲಿ ಮಹಾರಾಷ್ಟ್ರದಲ್ಲಿ ಮತ್ತೆ ಕಾಣಿಸಿಕೊಂಡಿತು. ಪುಣೆ, ಪಂಚಗಣಿಗಳಲ್ಲಿಯೂ ಕಂಡಿತು. ಇದು ಮನುಷ್ಯರಿಗೂ ಅಂಟಿ ಪ್ರಾಣ ತೆಗೆಯಬಲ್ಲದು, ಇದಕ್ಕೆ ಲಸಿಕೆಯಿಲ್ಲ. ಬ್ರಿಟನ್ನಿನಲ್ಲಿ ಇದರ ಕೊನೆಯ ಪ್ರಕರಣ 1928ರದು. ನಮ್ಮಲ್ಲಿ 2009ರ ಪ್ರಾಣಿರೋಗಗಳ ಕಾಯಿದೆಯ ಪ್ರಕಾರ ಇದನ್ನು ತಿಳಿಸುವುದು ಕಡ್ಡಾಯ. ಹಿಸಾರಿನ ರಾಷ್ಟ್ರೀಯ ಅಶ್ವ ಸಂಶೋಧನ ಕೇಂದ್ರದಲ್ಲಿ ರಕ್ತದ ಪರೀಕ್ಷೆಯಾಗಿ ರೋಗ ಖಚಿತವಾದರೆ ಪ್ರಾಣಿಯನ್ನು ಕೊಲ್ಲಲೇಬೇಕು. ಒಡೆಯನಿಗೆ ಪರಿಹಾರಧನವುಂಟು. ಆದರೆ ಒಂದೇ ಕುದುರೆಯ ದುಡಿಮೆಯಿಂದ ಮನೆ ನಡೆಸುವವನಿಗೆ ಅದು ಕುದುರೆಯೂ ಆಗದು, ದುಡಿಮೆಯೂ ಆಗದು. ಹೀಗಾಗಿ ಅಲ್ಲಿ ಹೆಸರು ಕೆಡುವುದೆಂದು ಮುಚ್ಚಿಡುತ್ತಾರೆ. ಇಲ್ಲಿ ಕುದುರೆಯೇ ಹೋಗುವುದೆಂದು ಮುಚ್ಚಿಡುವ ಆಸೆ ಹುಟ್ಟುತ್ತದೆ. ಬರಿಯ ಕಾಯಿದೆಯಿಂದ ಜನರ ಬಾಯಿ ತೆರೆಯುವುದಿಲ್ಲ.

ಬ್ರಿಟನ್ನಿನಲ್ಲಿ ಈ ಬಾಯಿ ತೆರೆಸುವ ಕೆಲಸವನ್ನು ಕೆಲವು ಸಂಸ್ಥೆಗಳು ಕೈಗೊಂಡಿವೆ. ದಿಕ್ಕಿಲ್ಲದ ಕುದುರೆಗಳನ್ನು ಸಾಕುವ ರೆಡ್‌ವಿಂಗ್ಸ್ ಎಂಬ ಧರ್ಮಸಂಸ್ಥೆಯ ಕೇಂದ್ರವೊಂದರಲ್ಲಿ 2015ರಲ್ಲಿ ಈ ರೋಗ ಬಂದಿತ್ತು. ಸಂಸ್ಥೆಯವರು ಅದನ್ನು ಮರೆಮಾಚದೆ, ತಮ್ಮ ಅನುಭವವನ್ನೇ ಮುಂದಿಟ್ಟುಕೊಂಡು, ಗಂಟಲುಬಾವಿನ ವಿಷಯದಲ್ಲಿ ನಾಚಿಕೆ ಬಿಟ್ಟು ಮಾತಾಡಿರೆಂದು ಪ್ರಚಾರ ಮಾಡುತ್ತಿದ್ದಾರೆ. ಕುದುರೆಗಳನ್ನು ಸಿಗ್ನಲ್ ದೀಪದಂತೆ ಕೆಂಪು, ಹಳದಿ, ಹಸಿರು ಎಂದು ಮೂರು ಗುಂಪು ಮಾಡುವ ಕ್ರಮವನ್ನು ಅವರು ಜನರಿಗೆ ತಿಳಿಸಿಕೊಡುತ್ತಾರೆ. ಕಾಯಿಲೆ ಬಿದ್ದವು ಕೆಂಪು. ಅವುಗಳ ಸಂಪರ್ಕಕ್ಕೆ ಬಂದವು ಹಳದಿ. ಸಂಪರ್ಕವೇ ಇಲ್ಲದವು ಹಸಿರು. ಒಂದು ಗುಂಪಿನ ಬಕೀಟು, ಪೊರಕೆ, ಕಡಿವಾಣ ಇನ್ನೊಂದಕ್ಕೆ ಹೋಗುವಂತಿಲ್ಲ. ಒಬ್ಬನೇ ಕೆಲಸಗಾರನಿದ್ದರೆ ಹಸಿರಿನಿಂದ ಆರಂಭಿಸಿ ಕೆಂಪಿನಲ್ಲಿ ಮುಗಿಸಬೇಕು. ಎಂದಿಗೂ ಹಿಂದುಮುಂದಾಗಿ ಅಲ್ಲ. ಈ ರೋಗದ ಒಂದು ಗುಣ ಮನುಷ್ಯನಿಗೆ ಅನುಕೂಲವಾಗಿದೆ. ಜ್ವರ ಏರಿದ ಒಂದೆರಡು ದಿನಗಳ ಮೇಲೆ ಮಾತ್ರ ಕುದುರೆ ರೋಗವನ್ನು ಹಂಚಲಾರಂಭಿಸುತ್ತದೆ. ಆರೋಗ್ಯವಂತ ಕುದುರೆಯ ಮೈಬಿಸಿ ಫ್ಯಾರನ್‌ಹೀಟ್ ಲೆಕ್ಕದಲ್ಲಿ 99.5ರಿಂದ 101.5 ಡಿಗ್ರಿ. ದಿನವೂ ಎರಡು ಬಾರಿ ಮೈಬಿಸಿ ನೋಡುವ ಲಾಯದಲ್ಲಿ ಅದು ಮೇಲೇರಿದೊಡನೆ ಕುದುರೆಯನ್ನು ಬೇರೆ ಕಟ್ಟಿದರೆ ರೋಗ ಅಲ್ಲಿಗೇ ನಿಲ್ಲುವ ಸಂಭವ ಹೆಚ್ಚು. ಎರಡು ಪೌಂಡೋ ಮೂರು ಪೌಂಡೋ ಬೆಲೆಯ ಥರ್ಮಾಮೀಟರು ಇಲ್ಲಿ ಸಾವಿರಾರು ಪೌಂಡುಗಳ ಕೆಲಸ ಮಾಡುತ್ತದೆ.

ಆದುದರಿಂದ ಎರಡನೆಯ ಲಾಯದ ಯಜಮಾನನನ್ನೂ ದಾದಿ ಒಂದು ಮಾತು ಕೇಳಬೇಕು: "ನನ್ನ ಕುದುರೆ ಬಂದ ದಿನ ಅದನ್ನು ಎಲ್ಲಿ ಕಟ್ಟುತ್ತೀರಿ?" "ಎಲ್ಲಿಯಾದರೂ ಕಟ್ಟಿ, ಬೇಕಾದರೆ ಇಂದೇ ಉಳಿದವುಗಳ ಜೊತೆ ಮೇಯಲು ಬಿಡಿ" ಎಂದು ಆತ ಉದಾರವಾಗಿ ಹೇಳಿದರೆ, ಅಷ್ಟೇ ಉದಾರತೆಯಿಂದ ನಿನ್ನೆ ಇನ್ನೊಬ್ಬರ ಕುದುರೆಯನ್ನೂ ಒಳಗೆ ಬಿಟ್ಟಿರುತ್ತಾನೆ. ನಾಳೆ ಸಂತೆಯಿಂದ ತಂದ ಕುದುರೆಯನ್ನೂ ಬಿಡುತ್ತಾನೆ. ಅಂಥಲ್ಲಿಗೆ ರೋಗ ಇಂದಿನವರೆಗೆ ಬಾರದಿರುವುದು ಅವನ ಪುಣ್ಯ; ಅದನ್ನು ನಂಬಿ ಬಾಡಿಗೆ ಕೊಡಬಾರದು. ಮೊದಲನೆಯ ಲಾಯದೊಡತಿ ಕಾಗದಗಳನ್ನು ತೋರಿಸುವವಳಾದರೆ, ಹೊಸ ಕುದುರೆಗೆ ದೂರದ ಕೊಟ್ಟಿಗೆಯನ್ನು ಇಟ್ಟಿರುವವಳಾದರೆ, ನಾವಾಗಿದ್ದರೆ ಅಲ್ಲಿಗೇ ಹೋಗುವೆವು. ಕಾಗದ ಕೇಳಿದುದಕ್ಕೆ ಆಕೆ ಸಿಡಿಮಿಡಿಗೊಂಡು, "ಡಾಕ್ಟರ ಹೆಸರು ನಿಮಗೇಕೆ?" ಎಂದರೆ ಮಾತ್ರ ಮೂರನೆಯ ಲಾಯವನ್ನು ಹುಡುಕಬೇಕು.

ಒಂದು ವಿಷಯವನ್ನು ಹುಡುಕುವವರು ಸಾಮಾನ್ಯವಾಗಿ ಮರೆಯುತ್ತಾರೆ. ದಾದಿಯ ಕುದುರೆಯೇ ಮೇರಿಯಲ್ಲವೆಂದು ಯಾರು ಬಲ್ಲರು? ಹಳೆಯ ಲಾಯದಲ್ಲಿ ಐದು ವರ್ಷಗಳ ಹಿಂದೆ ಏನಾಗಿತ್ತೆಂಬುದು ಆಕೆಗೂ ತಿಳಿಯದಿರಬಹುದು. ಒಳ್ಳೆಯ ಲಾಯದವರು ಆಕೆಯನ್ನೂ ಅಷ್ಟೇ ಬಿಗಿಯಾಗಿ ವಿಚಾರಿಸುತ್ತಾರೆ. ಅದರಿಂದ ಅವಮಾನವಾಯಿತೆಂದು ತಿಳಿಯಬಾರದು. ಹೊರಡುವ ಮೊದಲು ರಕ್ತಪರೀಕ್ಷೆ. ಬಂದ ಮೇಲೆ ಮೂರು ವಾರ ದೂರದ ಕೊಟ್ಟಿಗೆಯಲ್ಲಿ ಒಂಟಿವಾಸ. ಎರಡು ವಾರ ಕಳೆದ ಮೇಲೆ ಇನ್ನೊಂದು ರಕ್ತಪರೀಕ್ಷೆ. ಆ ದಿನಗಳಲ್ಲಿ ಬಕೀಟು, ಕುಂಚ, ಕಂಬಳಿ ಎಲ್ಲ ಬೇರೆ. ಕುದುರೆಯನ್ನು ಮುಟ್ಟಿದ ಕೈಯನ್ನು ತೊಳೆಯದೆ ಇನ್ನೊಂದನ್ನು ಮುಟ್ಟುವಂತಿಲ್ಲ. ಗುಂಪಿನ ಪ್ರಾಣಿಯಾದ ಕುದುರೆಗೆ ಒಂಟಿವಾಸ ಹಿಡಿಸದು, ಕೂಗಿಕೊಳ್ಳುತ್ತದೆ. ಆದುದರಿಂದ ಬೇರೆ ಕುದುರೆಗಳು ಕಣ್ಣಿಗೆ ಕಾಣುವಂತೆ, ಮೂಗಿಗೆ ಮಾತ್ರ ಎಟುಕದಂತೆ ಆ ಕೊಟ್ಟಿಗೆಯನ್ನು ಕಟ್ಟಿಸುತ್ತಾರೆ.

ಲಸಿಕೆಯ ಮಾತನ್ನೂ ಹೇಳಿಬಿಡಬೇಕು. ಸ್ವೀಡನ್ನಿನ ಮತ್ತು ಬ್ರಿಟನ್ನಿನ ಸಂಶೋಧಕರು ಸೇರಿ ರೂಪಿಸಿದ ಸ್ಟ್ರ್ಯಾಂಗ್‌ವ್ಯಾಕ್ ಎಂಬ ಲಸಿಕೆ 2022ರಿಂದ ಬ್ರಿಟನ್ನಿನಲ್ಲಿ ದೊರೆಯುತ್ತಿದೆ. ನಾಲ್ಕು ವಾರಗಳ ಅಂತರದಲ್ಲಿ ಎರಡು ಚುಚ್ಚುಮದ್ದು. ಇದರಲ್ಲಿ ಜೀವಂತ ಸೂಕ್ಷ್ಮಾಣುವಿಲ್ಲ, ಕೆಲವು ಪ್ರೋಟೀನುಗಳು ಮಾತ್ರ. ಆದುದರಿಂದ ಲಸಿಕೆ ಹಾಕಿಸಿದ ಕುದುರೆ ರಕ್ತಪರೀಕ್ಷೆಯಲ್ಲಿ ರೋಗಿಯಂತೆ ತೋರುವುದಿಲ್ಲ. ರೋಗದ ಕಾವನ್ನು ಅದು ತಗ್ಗಿಸುತ್ತದೆ, ಒಂಟಿವಾಸವನ್ನು ತಪ್ಪಿಸುವುದಿಲ್ಲ. ಲಸಿಕೆ ಹಾಕಿಸಿದ್ದೇವೆಂದು ಹೇಳಿ ದೂರದ ಕೊಟ್ಟಿಗೆಯ ಬಾಡಿಗೆಯನ್ನು ಉಳಿಸಲು ನೋಡುವವರು ಅಲ್ಲಿಯೂ ಇದ್ದಾರಂತೆ. ಆ ಮೂರು ವಾರಗಳ ಬಾಡಿಗೆಯನ್ನು ಯಾರು ಕೊಡಬೇಕು, ನಡುವೆ ಜ್ವರ ಬಂದರೆ ಡಾಕ್ಟರ ಬಿಲ್ಲು ಯಾರ ಪಾಲು, ಲಾಯ ಮುಚ್ಚಬೇಕಾಗಿ ಬಂದರೆ ಬಾಡಿಗೆಯ ಗತಿಯೇನು, ಇವನ್ನೆಲ್ಲ ಕುದುರೆ ಗಾಡಿಯಿಂದ ಇಳಿಯುವ ಮೊದಲೇ ಕರಾರಿನಲ್ಲಿ ಬರೆಸಿ ಇಬ್ಬರೂ ಸಹಿ ಹಾಕುವುದು ಈಗ ಒಳ್ಳೆಯ ಲಾಯಗಳಲ್ಲಿ ವಾಡಿಕೆಯಾಗಿದೆ.